ನಕ್ಷೆಗೆ ಹೊಂದದ ಮನೆಯ ಮಾರಾಟ: ಕರ್ನಾಟಕದ ಮಾಲೀಕರಿಗೊಂದು ಸಮಗ್ರ ಮಾರ್ಗದರ್ಶಿ

ಮಂಜೂರಾದ ನಕ್ಷೆಯಲ್ಲಿ ಎರಡು ಅಂತಸ್ತು, ನಿಂತಿರುವ ಕಟ್ಟಡದಲ್ಲಿ ಮೂರು. ನಕ್ಷೆಯಲ್ಲಿ ಪಕ್ಕಕ್ಕೆ ಒಂದು ಮೀಟರ್ ತೆರೆದ ಜಾಗ, ಸ್ಥಳದಲ್ಲಿ ಒಬ್ಬರು ಓರೆಯಾಗಿ ನುಸುಳುವಷ್ಟೇ ಸಂದು. ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರವನ್ನು (ಒಸಿ) ಆಗ ಯಾರೂ ಕೇಳಲಿಲ್ಲ, ಹಾಗಾಗಿ ಯಾರೂ ಪಡೆದಿಲ್ಲ. ಕರ್ನಾಟಕದ ಊರುಗಳಲ್ಲಿ ಮಾರಾಟಕ್ಕೆ ಬರುವ ಸ್ವತಂತ್ರ ಮನೆಗಳಲ್ಲಿ ಇಂಥವು ಅಪರೂಪವೇನಲ್ಲ. ನಕ್ಷೆಯ ಉಲ್ಲಂಘನೆ ಇದೆ ಎಂಬ ಒಂದೇ ಕಾರಣಕ್ಕೆ ಮಾಲೀಕರ ಮಾರುವ ಹಕ್ಕು ಹೋಗುವುದಿಲ್ಲ. ಆದರೆ ಇಂಥ ಮನೆಯನ್ನು ಮಾರುವ ವಿಧಾನ ಮಾತ್ರ ಬೇರೆ. ಮಾರಾಟವಾದ ಮೇಲೆ ಉಲ್ಲಂಘನೆ ಕಟ್ಟಡದ ಜೊತೆಗೆ ಖರೀದಿದಾರರಿಗೆ ಹೋಗುತ್ತದೆ, ಅದನ್ನು ಮುಚ್ಚಿಟ್ಟ ಹೊಣೆ ಮಾತ್ರ ಮಾರಿದವರ ತಲೆಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ದೋಷವನ್ನು ಅಳೆದು, ಬರೆದು, ಬೆಲೆಗಟ್ಟಿ, ಖರೀದಿದಾರರ ಸಹಿಯೊಂದಿಗೆ ಒಪ್ಪಿಸುವುದೇ ಮಾರುವವರ ನಿಜವಾದ ರಕ್ಷಣೆ. ಈ ಬರಹದ ಎಲ್ಲ ಹಂತಗಳೂ ಆ ಒಂದು ಕೆಲಸದ ಸುತ್ತಲೇ ಇವೆ.

ಇಲ್ಲಿ ಹೇಳುವುದು ಸ್ವತಂತ್ರ ಮನೆಗಳ ವಿಷಯ. ಅಪಾರ್ಟ್‌ಮೆಂಟಿನ ಫ್ಲ್ಯಾಟುಗಳಲ್ಲಿ ನಿರ್ಮಾಣ ಸಂಸ್ಥೆಯ ಹೊಣೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ, ಮಾಲೀಕರ ಸಂಘ ಮುಂತಾದವು ಸೇರಿಕೊಳ್ಳುವುದರಿಂದ ಆ ಲೆಕ್ಕವೇ ಬೇರೆ.

ಹಂತ 1: ದೋಷ ನೆಲದ್ದೋ, ಕಟ್ಟಡದ್ದೋ ಎಂದು ಬೇರ್ಪಡಿಸಿ

"ಪೇಪರ್ ಸ್ವಲ್ಪ ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಸೇರಿಸಿ ಹೇಳುವ ರೂಢಿ ನಮ್ಮಲ್ಲಿದೆ. ಇವನ್ನು ಬಿಡಿಸಿಕೊಳ್ಳದೆ ಮುಂದಿನ ಯಾವ ಹಂತಕ್ಕೂ ಹೋಗಬಾರದು.

ಮೊದಲನೆಯದು ನೆಲದ ದೋಷ. ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ ನಿವೇಶನವಾಗಿ ಹಂಚಿದ್ದು, ಅಥವಾ ಬಡಾವಣೆಯ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲದಿರುವುದು ಈ ಗುಂಪಿಗೆ ಸೇರುತ್ತದೆ. ಬಿ ಖಾತಾ (ಕ್ರಮಬದ್ಧವಲ್ಲದ ಸ್ವತ್ತಿಗೆ ತೆರಿಗೆ ಕಟ್ಟಿಸಿಕೊಳ್ಳಲು ಪಾಲಿಕೆ ಇಟ್ಟ ದಾಖಲೆ) ಎಂಬುದರ ಮೂಲ ಬಹುಮಟ್ಟಿಗೆ ಇಲ್ಲಿದೆ. ಎರಡನೆಯದು ಕಟ್ಟಡದ ದೋಷ: ನಕ್ಷೆಯನ್ನೇ ಪಡೆಯದಿರುವುದು, ಪಡೆದ ನಕ್ಷೆಯನ್ನು ಮೀರಿ ಕಟ್ಟಿದ್ದು, ವಾಸಕ್ಕೆಂದು ಮಂಜೂರಾದದ್ದನ್ನು ಮಳಿಗೆಯಾಗಿಯೋ ಪಿ.ಜಿ.ಯಾಗಿಯೋ ಬಳಸುತ್ತಿರುವುದು. ಮೂರನೆಯದು ಬರೀ ಕಾಗದದ ಕೊರತೆ: ಕಟ್ಟಡ ನಕ್ಷೆಯಂತೆಯೇ ಇದ್ದು, ಪೂರ್ಣಗೊಂಡಾಗ ಸ್ವಾಧೀನಾನುಭವ ಪತ್ರ ಪಡೆದಿಲ್ಲ ಅಷ್ಟೆ. ನಾಲ್ಕನೆಯದು ಒತ್ತುವರಿ: ಕಟ್ಟಡದ ಒಂದು ಭಾಗ ರಸ್ತೆ, ರಾಜಕಾಲುವೆ, ಉದ್ಯಾನದ ಜಾಗ ಅಥವಾ ನೆರೆಯವರ ನಿವೇಶನದಲ್ಲಿ ನಿಂತಿರುವುದು. ಇದು ಪರವಾನಗಿಯ ಪ್ರಶ್ನೆಯೇ ಅಲ್ಲ, ಹಕ್ಕಿನ ಪ್ರಶ್ನೆ. ನಿಮ್ಮದಲ್ಲದ ನೆಲವನ್ನು ಎಷ್ಟೇ ಪ್ರಾಮಾಣಿಕವಾಗಿ ತಿಳಿಸಿದರೂ ಮಾರುವ ಹಾಗಿಲ್ಲ.

ಈ ಬೇರ್ಪಡಿಕೆ ಏಕೆ ಮುಖ್ಯವೆಂದರೆ, ಒಂದರ ಪರಿಹಾರ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಎ ಖಾತಾ (ಕ್ರಮಬದ್ಧ ಸ್ವತ್ತಿನ ದಾಖಲೆ) ಇದೆ ಎಂದ ಮಾತ್ರಕ್ಕೆ ಮೂರನೇ ಅಂತಸ್ತು ಸಕ್ರಮವಾಗುವುದಿಲ್ಲ. ಕಂದಾಯ ಕಟ್ಟುತ್ತ ಬಂದಿದ್ದೇವೆ ಎಂಬುದರಿಂದಲೂ ಆಗುವುದಿಲ್ಲ, ಏಕೆಂದರೆ ಆಸ್ತಿ ತೆರಿಗೆಯ ರಸೀದಿ ತೆರಿಗೆ ಸಂದಾಯವಾದದ್ದಕ್ಕೆ ಪುರಾವೆಯೇ ಹೊರತು ಕಟ್ಟಡಕ್ಕೆ ಅನುಮತಿ ಅಲ್ಲ. ಖಾತಾ ಕೂಡ ತೆರಿಗೆಯ ದಾಖಲೆಯೇ; ಮಾಲೀಕತ್ವಕ್ಕೆ ಆಧಾರ ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳು.

ಹೊರವಲಯದ ಮನೆಗಳಲ್ಲಿ ಇನ್ನೊಂದು ತೊಡಕು ಸಿಗುತ್ತದೆ. ಬೆಂಗಳೂರಿಗೆ 2007ರಲ್ಲಿ ಸೇರಿದ 110 ಹಳ್ಳಿಗಳಂಥ ಕಡೆ, ಆಗಿನ ಗ್ರಾಮ ಪಂಚಾಯಿತಿ ಕೊಟ್ಟ ಪರವಾನಗಿಯನ್ನು ನಕ್ಷೆ ಮಂಜೂರಾತಿ ಎಂದೇ ನಂಬಿ ಕಟ್ಟಿದವರಿದ್ದಾರೆ. ಕಾಗದದ ಮೇಲೆ ಮೊಹರು ಇದೆಯೇ ಎಂದಷ್ಟೇ ನೋಡಬೇಡಿ. ಆ ದಿನಾಂಕದಂದು ಆ ಜಾಗದಲ್ಲಿ ಅಷ್ಟು ಅಂತಸ್ತಿಗೆ ಅನುಮತಿ ಕೊಡುವ ಅಧಿಕಾರ ಪಂಚಾಯಿತಿಗೆ ಇತ್ತೇ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ. ಖರೀದಿದಾರರ ವಕೀಲರು ಕೇಳುವುದೂ ಅದನ್ನೇ.

ಹಂತ 2: ನಕ್ಷೆ ಹಿಡಿದು ಕಟ್ಟಡವನ್ನು ಅಳೆಯಿರಿ

ಮಂಜೂರಾತಿ ನಕ್ಷೆಯ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ನಗರ ಯೋಜನಾ ವಿಭಾಗದಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಅಲ್ಲಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ದಾರಿ ಇದೆ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಹಾಗಾಗಿ ಕಥೆ ಬರೆಯದೆ ಸ್ವತ್ತಿನ ಸಂಖ್ಯೆ, ಪರವಾನಗಿ ಸಂಖ್ಯೆ ಗೊತ್ತಿದ್ದರೆ ಅದು, ಅಂದಾಜು ವರ್ಷ, ಬೇಕಾದ ದಾಖಲೆ ಇಷ್ಟನ್ನೇ ಬರೆಯಿರಿ. ನಿಮ್ಮ ಸ್ವತ್ತಿಗೆ ಸಂಬಂಧಿಸಿ ಯಾವುದಾದರೂ ನೋಟಿಸ್ ಅಥವಾ ಆದೇಶ ಹೊರಟಿದೆಯೇ ಎಂಬುದಕ್ಕೆ ಎರಡನೇ ಅರ್ಜಿ ಪ್ರತ್ಯೇಕವಾಗಿ ಹಾಕಿ.

ನಕ್ಷೆ ಕೈಗೆ ಬಂದ ಮೇಲೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಒಬ್ಬರಿಂದ ಕಟ್ಟಡ ಈಗ ಇರುವಂತೆಯೇ ಅದರ ಅಳತೆ ನಕ್ಷೆಯನ್ನು ಬರೆಸಿ. ಇದಕ್ಕೆ ಖರ್ಚು ಮಾಡಲು ಅನೇಕರು ಹಿಂಜರಿಯುತ್ತಾರೆ, ಆದರೆ ಇಡೀ ವ್ಯವಹಾರದಲ್ಲಿ ಅತ್ಯಂತ ಉಪಯುಕ್ತವಾದ ಕಾಗದ ಇದೇ. ಅದರಲ್ಲಿ ನಾಲ್ಕೂ ಬದಿಯಲ್ಲಿ ಬಿಟ್ಟ ತೆರೆದ ಜಾಗ ಅಂದರೆ ಸೆಟ್‌ಬ್ಯಾಕ್, ನಿವೇಶನದಲ್ಲಿ ಕಟ್ಟಡ ಆವರಿಸಿದ ಪ್ರಮಾಣ, ಪ್ರತಿ ಅಂತಸ್ತಿನ ವಿಸ್ತೀರ್ಣ, ಒಟ್ಟು ಎತ್ತರ, ವಾಹನ ನಿಲುಗಡೆಯ ಜಾಗ ಇವೆಲ್ಲ ಮಂಜೂರಾದದ್ದು, ಇರುವುದು, ವ್ಯತ್ಯಾಸ ಎಂಬ ಮೂರು ಕಾಲಮ್ಮುಗಳಲ್ಲಿ ಬರಬೇಕು. ಸಾಮಾನ್ಯವಾಗಿ ವ್ಯತ್ಯಾಸ ಸಿಗುವ ಜಾಗಗಳು ಇವು: ಹೊರಗೋಡೆಯಾಚೆಗೆ ಚಾಚಿ ನಂತರ ಗೋಡೆ, ಕಿಟಕಿ ಇಟ್ಟು ಕೋಣೆ ಮಾಡಿಕೊಂಡ ಬಾಲ್ಕನಿ, ಪಕ್ಕದ ತೆರೆದ ಜಾಗಕ್ಕೆ ಸರಿದ ಹೊರಮೆಟ್ಟಿಲು, ಬಾಡಿಗೆಗೆ ಕೊಟ್ಟಿರುವ ಸ್ಟಿಲ್ಟ್ (ವಾಹನ ನಿಲ್ಲಿಸಲು ಕಂಬಗಳ ನಡುವೆ ಬಿಟ್ಟ ಕೆಳಭಾಗ), ತಾರಸಿಯ ಮೇಲೆ ತಗಡು ಹೊದಿಸಿ ಶುರುವಾಗಿ ಕ್ರಮೇಣ ಮನೆಯೇ ಆದ ಕೊಠಡಿ.

ಹೆಚ್ಚುವರಿ ಮಹಡಿ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ವರದಿಯನ್ನೂ ತೆಗೆಸಿ. ಎರಡು ಅಂತಸ್ತಿಗೆ ಹಾಕಿದ ಪಾಯ ಮತ್ತು ಕಂಬಗಳು ಮೂರನೆಯದನ್ನು ಹೊರುತ್ತಿವೆಯೇ ಎಂಬುದು ದಂಡದ ಪ್ರಶ್ನೆಗಿಂತ ದೊಡ್ಡದು. ನೀವು ಹೊರಟುಹೋದ ಮೇಲೆ ಅದರ ಕೆಳಗೆ ಬೇರೊಂದು ಕುಟುಂಬ ಮಲಗಲಿದೆ.

ಇದೇ ಅಳತೆಯನ್ನು ಖಾತೆಯ ಜೊತೆಗೂ ಹೋಲಿಸಿ. ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ ಎರಡು ಅಂತಸ್ತು ತೋರಿಸಿ ಸ್ಥಳದಲ್ಲಿ ಮೂರಿದ್ದರೆ ತೆರಿಗೆಯ ಬಾಕಿ ನಿಮ್ಮದೇ. ಮಾರಾಟದ ದಿನಾಂಕದವರೆಗಿನ ಸಾರ್ವಜನಿಕ ತೆರಿಗೆ, ಶುಲ್ಕಗಳನ್ನು ತೀರಿಸುವ ಹೊಣೆಯನ್ನು 1882ರ ಆಸ್ತಿ ಹಸ್ತಾಂತರ ಕಾಯ್ದೆಯ 55ನೇ ಕಲಂ ಮಾರಾಟಗಾರರ ಮೇಲೆ ಹೊರಿಸಿದೆ.

ಹಂತ 3: ನೋಟಿಸ್ ಮತ್ತು ಮೊಕದ್ದಮೆ ಎಲ್ಲಿಗೆ ಬಂದಿವೆ ನೋಡಿ

ಒಂದೇ ಬಗೆಯ ಉಲ್ಲಂಘನೆ ಇರುವ ಎರಡು ಮನೆಗಳಲ್ಲಿ, ನೋಟಿಸ್ ಬಂದ ಮನೆಗೂ ಬಾರದ ಮನೆಗೂ ಮಾರುಕಟ್ಟೆಯಲ್ಲಿ ಅಜಗಜಾಂತರ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಅಡಿಯಲ್ಲಿ ಕ್ರಮ ಮೂರು ಮೆಟ್ಟಿಲುಗಳಲ್ಲಿ ಸಾಗುತ್ತದೆ: ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸ್, ಉತ್ತರ ಒಪ್ಪಿಗೆಯಾಗದಿದ್ದರೆ ದೃಢೀಕರಣ ಆದೇಶ. ಬೆಂಗಳೂರಿನಲ್ಲಿ 2020ರ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕಾಯ್ದೆಯ 248ನೇ ಕಲಂ ಇದೇ ಕ್ರಮವನ್ನು ಅನುಸರಿಸಿತ್ತು. 2025ರ ಮೇ ತಿಂಗಳಿಂದ ಆ ಕಾಯ್ದೆಯ ಜಾಗಕ್ಕೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ, ಪಾಲಿಕೆಯೂ ಐದಾಗಿ ಒಡೆದಿದೆ. ಹಾಗಾಗಿ ಬೆಂಗಳೂರಿನವರು ಮೊದಲು ತಮ್ಮ ಕಡತ ಈಗ ಯಾವ ಪಾಲಿಕೆಯ ಯಾವ ಕಚೇರಿಯಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಕಾರಣ ಕೇಳುವ ನೋಟಿಸ್ ಬಂದಿದ್ದರೆ ಉತ್ತರ ಕೊಡದೆ ಮನೆ ಮಾರಲು ಹೊರಡಬೇಡಿ. ಉತ್ತರಿಸದ ನೋಟಿಸು ಮುಂದೆ ದೃಢೀಕರಣ ಆದೇಶವಾಗುತ್ತದೆ. ಆ ಹೊತ್ತಿಗೆ ನೀವು ಮುಂಗಡ ತೆಗೆದುಕೊಂಡಿದ್ದರೆ ಇಕ್ಕಟ್ಟಿಗೆ ಸಿಲುಕುತ್ತೀರಿ. ದೃಢೀಕರಣ ಆದೇಶವೇ ಆಗಿದ್ದರೆ ಕಾಲಮಿತಿಯೊಳಗೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಬಗ್ಗೆ ವಕೀಲರ ಜೊತೆ ಅಂದೇ ಮಾತಾಡಿ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕೆಂದು ಹೇಳಿರುವುದು ನಿಜ. ಆದರೆ ಅದು ಮಾಲೀಕರು ತಮ್ಮ ಮಾತು ಹೇಳಿಕೊಳ್ಳುವ ಹಕ್ಕನ್ನು ಕಾಪಾಡುತ್ತದೆಯೇ ಹೊರತು ಅಕ್ರಮವನ್ನು ಸಕ್ರಮ ಮಾಡುವುದಿಲ್ಲ, ಮತ್ತು ರಸ್ತೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಅದು ಅನ್ವಯಿಸುವುದಿಲ್ಲ.

ನೆರೆಯವರು ಗಾಳಿ, ಬೆಳಕು ಅಥವಾ ಗಡಿಯ ಬಗ್ಗೆ ದಾವೆ ಹೂಡಿದ್ದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಿ. ಆಸ್ತಿಯ ಹಕ್ಕು ನೇರವಾಗಿ ಪ್ರಶ್ನೆಯಾಗಿರುವ ದಾವೆ ನಡೆಯುತ್ತಿರುವಾಗ ಆಸ್ತಿ ಕೊಂಡವರು, ಆಸ್ತಿ ಹಸ್ತಾಂತರ ಕಾಯ್ದೆಯ 52ನೇ ಕಲಂ ಪ್ರಕಾರ, ಅದರ ತೀರ್ಪಿಗೆ ಬದ್ಧರಾಗುತ್ತಾರೆ.

ಹಂತ 4: ಸಕ್ರಮದ ದಾರಿ ನಿಜಕ್ಕೂ ಇದೆಯೇ ಪರೀಕ್ಷಿಸಿ

"ಅಕ್ರಮ-ಸಕ್ರಮ ಬರುತ್ತದೆ, ಆಗ ದಂಡ ಕಟ್ಟಿದರಾಯಿತು" ಎಂಬ ಭರವಸೆಯ ಮೇಲೆ ಮನೆ ಮಾರಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 76ಎಫ್‌ಎಫ್ ಕಲಂ ಆಧರಿಸಿದ ಆ ಯೋಜನೆಯಲ್ಲಿ ವಾಸದ ಕಟ್ಟಡಗಳ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳ ಶೇ 25ರವರೆಗಿನ ಉಲ್ಲಂಘನೆಗೆ ಅವಕಾಶವಿತ್ತು. 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿರಬೇಕಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಆಮೇಲೆ ಎಷ್ಟೋ ಮನೆಗಳು ಈ ಭರವಸೆಯ ಮೇಲೆಯೇ ಕೈ ಬದಲಾಗಿವೆ. ಮಾತಿನಲ್ಲಾಗಲಿ ಜಾಹೀರಾತಿನಲ್ಲಾಗಲಿ "ಸಕ್ರಮ ಆಗುತ್ತದೆ" ಎಂದು ಹೇಳುವುದು ಬೇಡ. ನಿಮ್ಮ ಕೈಯಲ್ಲಿಲ್ಲದ ವಿಷಯಕ್ಕೆ ಕೊಟ್ಟ ಆ ಮಾತು ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ಅಲ್ಪ ಪ್ರಮಾಣದ ವ್ಯತ್ಯಾಸವನ್ನು ಮನ್ನಿಸುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಇರುತ್ತದೆ. ಬೆಂಗಳೂರಿನ 2003ರ ಕಟ್ಟಡ ಉಪವಿಧಿಯಲ್ಲಿ ಸೆಟ್‌ಬ್ಯಾಕ್, ಆವರಿಸಿದ ಪ್ರಮಾಣ, ಎಫ್‌ಎಆರ್ (ನಿವೇಶನದ ಅಳತೆಗೆ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣದ ಅನುಪಾತ) ಮತ್ತು ಎತ್ತರ ಇವುಗಳಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು, ಕೆಡವಿದರೆ ಕಟ್ಟಡದ ಭದ್ರತೆಗೆ ಧಕ್ಕೆಯಾಗುವಂತಿದ್ದರೆ, ಕಾರಣ ಬರೆದು ಮನ್ನಿಸಬಹುದೆಂದಿತ್ತು. ಶೇ 5 ಎಂದರೆ ಕೇಳಲು ಸಾಕಷ್ಟು ದೊಡ್ಡದೆನಿಸುತ್ತದೆ. ಒಂದು ಮೀಟರ್ ಸೆಟ್‌ಬ್ಯಾಕಿನಲ್ಲಿ ಅದು ಐದು ಸೆಂಟಿಮೀಟರ್: ಟೇಪಿನಲ್ಲಿ ಎರಡು ಇಂಚು. ಗೋಡೆಯ ಹೊರಮುಖದ ಗಾರೆ ಸ್ವಲ್ಪ ದಪ್ಪವಾಗಿದ್ದರೆ ಅರ್ಧ ಅಲ್ಲಿಯೇ ಮುಗಿಯಿತು. ಒಂದು ಇಡೀ ಮಹಡಿ ಈ ರಿಯಾಯಿತಿಯಲ್ಲಿ ಎಂದೂ ಅಡಗುವುದಿಲ್ಲ. ಉಪವಿಧಿಗಳು ತಿದ್ದುಪಡಿಯಾಗುತ್ತಲೇ ಇರುವುದರಿಂದ ನಿಮ್ಮ ಸ್ಥಳೀಯ ಸಂಸ್ಥೆಯಲ್ಲಿ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಮಿತಿಯನ್ನು ಆರ್ಕಿಟೆಕ್ಟ್ ಮೂಲಕ ನೋಡಿಕೊಳ್ಳಿ.

ನೆಲದ ದೋಷ ಮತ್ತು ಸ್ವಾಧೀನಾನುಭವ ಪತ್ರದ ವಿಷಯದಲ್ಲಿ ಇತ್ತೀಚೆಗೆ ಕೆಲವು ಬಾಗಿಲುಗಳು ತೆರೆದಿವೆ. 2025ರಲ್ಲಿ ಬೆಂಗಳೂರಿನಲ್ಲಿ ಬಿ ಖಾತಾ ನಿವೇಶನಗಳನ್ನು ಶುಲ್ಕ ಕಟ್ಟಿಸಿಕೊಂಡು ಎ ಖಾತಾಗೆ ಬದಲಿಸುವ ಯೋಜನೆ ಬಂತು. ಅದೇ ವರ್ಷ 1,200 ಚದರ ಅಡಿವರೆಗಿನ ನಿವೇಶನಗಳಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿವರೆಗಿನ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿಯೂ ಸಿಕ್ಕಿತು. ನಿಮ್ಮ ಮನೆ ಇವುಗಳ ವ್ಯಾಪ್ತಿಗೆ ಬಂದರೆ ಮಾರುವ ಮೊದಲೇ ಆ ಕೆಲಸ ಮುಗಿಸಿ, ಏಕೆಂದರೆ ಬೆಲೆಯಲ್ಲಿ ಕಾಣುವ ವ್ಯತ್ಯಾಸ ಖರ್ಚಿಗಿಂತ ಹೆಚ್ಚು. ಆದರೆ ಒಂದು ಪತ್ರದಿಂದ ವಿನಾಯಿತಿ ಸಿಕ್ಕಿತೆಂದರೆ ನಕ್ಷೆಯನ್ನು ಮೀರಲು ಒಪ್ಪಿಗೆ ಸಿಕ್ಕಿತೆಂದಲ್ಲ. ಕಟ್ಟಡ ನಕ್ಷೆಯಂತೆಯೇ ಇದ್ದು ಪತ್ರ ಮಾತ್ರ ಬಾಕಿಯಿದ್ದರೆ ಪೂರ್ಣಗೊಂಡ ವರದಿ ಸಲ್ಲಿಸಿ ಅರ್ಜಿ ಹಾಕಿ. ಹಳೆಯ ಕಟ್ಟಡವೆಂಬ ಕಾರಣಕ್ಕೆ ಸುಮ್ಮನಿರಬೇಡಿ.

ಹಂತ 5: ಸರಿಪಡಿಸಿ ಮಾರುವುದೋ, ಇದ್ದಂತೆಯೇ ಮಾರುವುದೋ ತೀರ್ಮಾನಿಸಿ

ಅಳತೆಯ ಪಟ್ಟಿ ಮುಂದಿಟ್ಟುಕೊಂಡು ಪ್ರತಿ ವ್ಯತ್ಯಾಸಕ್ಕೂ ಎರಡು ಅಂಕಿ ಬರೆಯಿರಿ: ಅದನ್ನು ತೆಗೆಯಲು ಎಷ್ಟು ಖರ್ಚು, ತೆಗೆದರೆ ಖರೀದಿದಾರರ ವಲಯ ಎಷ್ಟು ಹಿಗ್ಗುತ್ತದೆ. ತಾರಸಿಯ ತಗಡಿನ ಕೊಠಡಿ, ಸೆಟ್‌ಬ್ಯಾಕಿಗೆ ಕಟ್ಟಿದ ಸ್ನಾನದ ಮನೆ, ಸ್ಟಿಲ್ಟಿನಲ್ಲಿ ಎಬ್ಬಿಸಿದ ಇಟ್ಟಿಗೆ ಗೋಡೆ ಇಂಥವನ್ನು ತೆಗೆಸಿಬಿಡುವುದೇ ಲೇಸು. ಬಾಡಿಗೆಯ ಆಸೆಗೆ ಉಳಿಸಿಕೊಂಡ ಒಂದು ಕೋಣೆಯಿಂದ ಬ್ಯಾಂಕ್ ಸಾಲವೇ ತಪ್ಪಿಹೋಗಬಹುದು. ಬಾಡಿಗೆದಾರರಿದ್ದರೆ ಅವರಿಗೆ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಿ. ಆದರೆ ಕಂಬ, ತೊಲೆಗಳನ್ನು ಮುಟ್ಟಬೇಕಾಗುವ ಕೆಲಸವನ್ನು ಮಾರಾಟದ ಅವಸರದಲ್ಲಿ ಮಾಡಿಸಲೇಬೇಡಿ.

ಇಡೀ ಮಹಡಿಯೇ ಹೆಚ್ಚುವರಿಯಾಗಿದ್ದರೆ, ಅಥವಾ ನಕ್ಷೆಯೇ ಇಲ್ಲದಿದ್ದರೆ, ಇದ್ದಂತೆಯೇ ಮಾರುವುದು ಒಂದು ದಾರಿ. ಕಟ್ಟಡ ಹಳೆಯದಾಗಿದ್ದು ನೆಲದ ದಾಖಲೆ ನಿಚ್ಚಳವಾಗಿದ್ದರೆ ಇನ್ನೊಂದು ದಾರಿಯೂ ಇದೆ: ಕೆಡವಿ ಹೊಸದಾಗಿ ಕಟ್ಟಲು ಬಯಸುವವರಿಗೆ ನಿವೇಶನದ ಬೆಲೆಗೆ ಮಾರುವುದು. ಅವರಿಗೆ ಮೂರನೇ ಅಂತಸ್ತಿನ ನಕ್ಷೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಟ್ಟಿದವರ ಮನಸ್ಸಿಗೆ ಇದು ನೋವಿನ ಮಾತು, ಆದರೂ ಇಂಥ ಮನೆಗಳಲ್ಲಿ ಎಷ್ಟೋ ಬಾರಿ ತಕರಾರಿಲ್ಲದೆ ಮುಗಿಯುವ ವ್ಯವಹಾರ ಇದೇ.

ಹಂತ 6: ಬೆಲೆ ಇಳಿಸುವ ಮೊದಲು ಮಾರ್ಗಸೂಚಿ ಬೆಲೆಯನ್ನು ನೋಡಿ

ದೋಷವಿರುವ ಮನೆಗೆ ಬೆಲೆ ಕಡಿಮೆಯಾಗುವುದು ಸಹಜ. ಆದರೆ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ (ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಮೌಲ್ಯ) ಉಲ್ಲಂಘನೆಯನ್ನು ನೋಡಿ ನಿಗದಿಯಾಗುವುದಿಲ್ಲ. ರಸ್ತೆ, ಬಡಾವಣೆ, ಕಟ್ಟಡದ ಬಗೆಯನ್ನು ನೋಡಿ ನಿಗದಿಯಾಗುತ್ತದೆ. ಕರಾರಿನ ಬೆಲೆ ಅದಕ್ಕಿಂತ ಕೆಳಗಿಳಿದರೆ ಮೂರು ಕಡೆ ಪೆಟ್ಟು ಬೀಳುತ್ತದೆ.

ಒಂದು ಲೆಕ್ಕ ನೋಡಿ. ಮಾರ್ಗಸೂಚಿ ಬೆಲೆ 1 ಕೋಟಿ ರೂಪಾಯಿ, ನೀವು ಒಪ್ಪಿದ್ದು 80 ಲಕ್ಷ. ಆದಾಯ ತೆರಿಗೆ ಕಾನೂನು ಶೇ 10ರಷ್ಟು ಅಂತರವನ್ನು ಮಾತ್ರ ಸಹಿಸುತ್ತದೆ. 80 ಲಕ್ಷಕ್ಕೆ ಆ ಮಿತಿ 88 ಲಕ್ಷ. ಅದನ್ನು ಮೀರಿದ್ದರಿಂದ ನಿಮ್ಮ ಬಂಡವಾಳ ಲಾಭವನ್ನು 1 ಕೋಟಿಗೆ ಮಾರಿದಂತೆ ಲೆಕ್ಕ ಹಾಕುತ್ತಾರೆ. ಖರೀದಿದಾರರ ಕೈಯಲ್ಲಿ ಉಳಿದ 20 ಲಕ್ಷವನ್ನು ಅವರ ಆದಾಯವೆಂದು ಪರಿಗಣಿಸುವ ಅವಕಾಶವೂ ಇದೆ. ಮುದ್ರಾಂಕ ಶುಲ್ಕವೂ ಹೆಚ್ಚಿನ ಬೆಲೆಯ ಮೇಲೆಯೇ ಬೀಳುತ್ತದೆ. ಕಡಿಮೆ ತೋರಿಸಿದರೆ ಉಪನೋಂದಣಾಧಿಕಾರಿ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಂ ಪ್ರಕಾರ ಮೌಲ್ಯ ನಿರ್ಧಾರಕ್ಕೆ ಕಳುಹಿಸಬಹುದು. ಮಾರುವವರು ಬೆಲೆಯ ಪ್ರಶ್ನೆಯನ್ನು ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸುವಂತೆ ಆದಾಯ ತೆರಿಗೆ ಅಧಿಕಾರಿಯನ್ನು ಕೇಳಿಕೊಳ್ಳಬಹುದು, ಮತ್ತು ಅಲ್ಲಿಯೇ ಹಂತ 2ರ ಅಳತೆ ನಕ್ಷೆ, ಎಂಜಿನಿಯರ್ ವರದಿ, ನೋಟಿಸಿನ ಪ್ರತಿ ಕೆಲಸಕ್ಕೆ ಬರುತ್ತವೆ. ಬೆಲೆ ಏಕೆ ಕಡಿಮೆ ಎಂಬುದಕ್ಕೆ ಬರವಣಿಗೆಯ ಕಾರಣ ಇರುವವರಿಗೂ ಬಾಯಿಮಾತಿನಲ್ಲಿ ಹೇಳುವವರಿಗೂ ಅಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಬೆಲೆ ಮಾತಾಡುವ ಮುನ್ನ ಲೆಕ್ಕ ಪರಿಶೋಧಕರನ್ನು ಒಮ್ಮೆ ಕಾಣಿ.

ಹಂತ 7: ದೋಷವನ್ನು ಬರವಣಿಗೆಯಲ್ಲಿ ತಿಳಿಸಿ

ಆಸ್ತಿ ಹಸ್ತಾಂತರ ಕಾಯ್ದೆಯ 55(1)(ಎ) ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿರದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾಗದ, ಆಸ್ತಿಯ ಅಥವಾ ಹಕ್ಕಿನ ಮಹತ್ವದ ದೋಷವನ್ನು ತಿಳಿಸುವುದು ಮಾರುವವರ ಕರ್ತವ್ಯ. ತಿಳಿಸದೆ ಬಿಟ್ಟರೆ ಅದು ವಂಚನೆಯೇ ಎಂದು ಅದೇ ಕಲಂ ಕೊನೆಯಲ್ಲಿ ಹೇಳಿದೆ. ವಂಚನೆಯಿಂದಾದ ಒಪ್ಪಂದವನ್ನು 1872ರ ಕರಾರು ಕಾಯ್ದೆಯ ಪ್ರಕಾರ ಮೋಸಹೋದವರು ರದ್ದು ಮಾಡಿಸಬಹುದು. ಅಷ್ಟೇ ಅಲ್ಲ, 1963ರ ಕಾಲಮಿತಿ ಕಾಯ್ದೆಯ 17ನೇ ಕಲಂ ಪ್ರಕಾರ ಇಂಥ ದಾವೆಯ ಗಡುವು ವಂಚನೆ ಗೊತ್ತಾದಾಗಿನಿಂದ ಶುರುವಾಗುತ್ತದೆ. ಅಂದರೆ ಮಾರಿ ಹತ್ತು ವರ್ಷವಾದ ಮೇಲೂ, ಪಾಲಿಕೆಯ ಮೊದಲ ನೋಟಿಸ್ ಬಂದ ದಿನ ಖರೀದಿದಾರರು ನಿಮ್ಮ ಮನೆ ಬಾಗಿಲಿಗೆ ಬರಬಹುದು.

"ನಕ್ಷೆ ಪಾಲಿಕೆಯಲ್ಲೇ ಇದೆಯಲ್ಲ, ಅವರೇ ನೋಡಿಕೊಳ್ಳಬಹುದಿತ್ತು" ಎಂಬ ವಾದ ಕೆಲವೊಮ್ಮೆ ಕೇಳಿಬರುತ್ತದೆ. ವಾದಕ್ಕೇನೋ ಸರಿ. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಆ ವಾದ ಮಾಡುವುದಕ್ಕಿಂತ, ಇವತ್ತು ಒಂದು ಪುಟ ಬರೆದು ಸಹಿ ಹಾಕಿಸಿಕೊಳ್ಳುವುದು ಅಗ್ಗ.

ಆ ಪುಟದಲ್ಲಿ "ಕಟ್ಟಡದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸಗಳಿರಬಹುದು" ಎಂಬಂಥ ಜಾರಿಕೆಯ ವಾಕ್ಯ ಬರೆದರೆ ಅದು ಯಾರನ್ನೂ ಕಾಪಾಡುವುದಿಲ್ಲ. ಹೀಗೆ ಬರೆಯಿರಿ: "ಷೆಡ್ಯೂಲು ಸ್ವತ್ತಿನಲ್ಲಿರುವ ಕಟ್ಟಡದ ಎರಡನೇ ಮಹಡಿಯು (ಮೂರನೇ ಅಂತಸ್ತು) ಲಗತ್ತಿಸಿದ ಮಂಜೂರಾತಿ ನಕ್ಷೆಯಲ್ಲಿ ಇರುವುದಿಲ್ಲವೆಂದೂ, ಉತ್ತರದ ಸೆಟ್‌ಬ್ಯಾಕ್ ನಕ್ಷೆಯಲ್ಲಿ 1 ಮೀಟರ್ ಇದ್ದು ಸ್ಥಳದಲ್ಲಿ 0.60 ಮೀಟರ್ ಇದೆಯೆಂದೂ, ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಪಡೆದಿರುವುದಿಲ್ಲವೆಂದೂ, ಈ ದಿನದವರೆಗೆ ಯಾವುದೇ ನೋಟಿಸ್ ಜಾರಿಯಾಗಿರುವುದಿಲ್ಲವೆಂದೂ ಮಾರಾಟಗಾರರು ಖರೀದಿದಾರರಿಗೆ ತಿಳಿಸಿರುತ್ತಾರೆ. ಖರೀದಿದಾರರು ಲಗತ್ತಿಸಿದ ಅಳತೆ ನಕ್ಷೆಯನ್ನು ಪರಿಶೀಲಿಸಿ, ಈ ಸಂಗತಿಗಳನ್ನು ಗಮನಿಸಿಯೇ ಕ್ರಯದ ಬೆಲೆಯನ್ನು ಒಪ್ಪಿರುತ್ತಾರೆ." ನೋಟಿಸ್ ಬಂದಿದ್ದರೆ ಅದರ ಸಂಖ್ಯೆ, ದಿನಾಂಕ ಮತ್ತು ನೀವು ಕೊಟ್ಟ ಉತ್ತರ ಇಲ್ಲಿಯೇ ಬರಬೇಕು. ಪ್ರತಿ ಪುಟಕ್ಕೂ, ಲಗತ್ತಿಸಿದ ನಕ್ಷೆಗೂ ಎರಡೂ ಕಡೆಯವರ ಸಹಿ ಇರಲಿ.

ಇದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಕೊಡಿ. ಮುಂಗಡ ಪಡೆದ ಮೇಲೆ ತಿಳಿಸಿದರೆ ಅದು ತಿಳಿಸಿದಂತಾಗುವುದಿಲ್ಲ, ಹೊಸ ಜಗಳ ಹುಟ್ಟಿಸಿದಂತಾಗುತ್ತದೆ. ದಲ್ಲಾಳಿಯ ಮೂಲಕ ಮಾರುತ್ತಿದ್ದರೆ ಅವರಿಗೂ ಒಂದು ಪ್ರತಿ ಕೊಟ್ಟು, ಜಾಹೀರಾತಿನ ಸಾಲನ್ನು ನೀವೇ ಓದಿ ಒಪ್ಪಿಗೆ ಕೊಡಿ. "ಪ್ಲಾನ್ ಅಪ್ರೂವ್ಡ್, ಕ್ಲಿಯರ್ ಟೈಟಲ್" ಎಂಬ ಸಿದ್ಧಸಾಲು ಅವರ ಬೆರಳಿಗೆ ತಾನಾಗಿಯೇ ಬರುತ್ತದೆ.

ಹಂತ 8: ಸಾಲದ ಮೇಲೆ ಕೊಳ್ಳುವವರ ವಿಷಯದಲ್ಲಿ ವಾಸ್ತವವಾಗಿರಿ

ಬ್ಯಾಂಕಿನ ವಕೀಲರು ಹಕ್ಕನ್ನು ನೋಡಿದರೆ, ಮೌಲ್ಯಮಾಪಕರು ನಕ್ಷೆ ಹಿಡಿದುಕೊಂಡೇ ಮನೆಗೆ ಬರುತ್ತಾರೆ. ಮಂಜೂರಾದ ನಕ್ಷೆಯಿಲ್ಲದೆ ಗೃಹಸಾಲ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಸೂಚನೆ 2006ರದ್ದು. ಅದರ ಮೇಲೆ, 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಮೇರಠ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು: ಕಟ್ಟಡವನ್ನು ಅಡಮಾನವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕುಗಳು ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪತ್ರ ನೋಡಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನು ಆ ಪತ್ರ ನೋಡಿಯೇ ಕೊಡಬೇಕು, ಹಾಕಿದ ಹಣ ಅಥವಾ ಕಳೆದ ಕಾಲ ಅಕ್ರಮಕ್ಕೆ ಸಮರ್ಥನೆಯಾಗದು. ರಾಜ್ಯದಲ್ಲಿ ಈ ಪತ್ರವಿಲ್ಲದ ಕಟ್ಟಡಗಳಿಗೆ ಹೊಸ ವಿದ್ಯುತ್ ಸಂಪರ್ಕಗಳು 2025ರಲ್ಲಿ ಸ್ಥಗಿತಗೊಂಡದ್ದು ಈ ತೀರ್ಪಿನಿಂದಲೇ.

ಹೀಗಾಗಿ ಖರೀದಿದಾರರು ಸಾಲವನ್ನು ನಂಬಿದ್ದರೆ, ದೋಷದ ಪುಟವನ್ನು ಅವರ ಬ್ಯಾಂಕಿಗೆ ತೋರಿಸಿ ಒಪ್ಪಿಗೆ ಬಂದ ಮೇಲೆಯೇ ಕರಾರಿಗೆ ಕೂರಿ. ಮನೆ ತಾತ್ಕಾಲಿಕ ವಿದ್ಯುತ್ ಸಂಪರ್ಕದಲ್ಲಿ ನಡೆಯುತ್ತಿದ್ದರೆ ಅದನ್ನೂ ಹೇಳಿ. ಸ್ವಂತ ಹಣ ಇರುವವರು ಬೆಲೆ ಇಳಿಸಿ ಕೇಳುತ್ತಾರೆ. ಆದರೆ ಸಾಲ ನಿರಾಕರಣೆಯಾಗಿ ಮುರಿದು ಬೀಳುವ ವ್ಯವಹಾರಗಳಲ್ಲಿ ಕಳೆಯುವ ತಿಂಗಳುಗಳಿಗೂ ಒಂದು ಬೆಲೆಯಿದೆ.

ಹಂತ 9: ಕರಾರಿನಲ್ಲಿ ಹೊಣೆಯ ಗಡಿ ಗುರುತಿಸಿ

ಕ್ರಯದ ಕರಾರಿನಲ್ಲಿ ಖರೀದಿದಾರರ ವಕೀಲರು ಸಾಮಾನ್ಯವಾಗಿ "ಮುಂದೆ ಬರುವ ಯಾವುದೇ ನಷ್ಟವನ್ನು ಮಾರಾಟಗಾರರೇ ತುಂಬಿಕೊಡತಕ್ಕದ್ದು" ಎಂಬ ಷರತ್ತು ಸೇರಿಸುತ್ತಾರೆ. ಹಕ್ಕಿನ ದೋಷಕ್ಕೆ ಅದು ನ್ಯಾಯ. ನೀವು ಬರೆದು ತಿಳಿಸಿ, ಅದಕ್ಕಾಗಿ ಬೆಲೆಯನ್ನೂ ಇಳಿಸಿದ ಉಲ್ಲಂಘನೆಗೆ ಮತ್ತೆ ಭರವಸೆ ಕೊಟ್ಟರೆ ಒಂದೇ ದೋಷಕ್ಕೆ ಎರಡು ಬಾರಿ ತೆತ್ತಂತೆ. ಆದ್ದರಿಂದ ನಷ್ಟಭರ್ತಿಯ ಷರತ್ತಿನಿಂದ ತಿಳಿಸಿದ ಸಂಗತಿಗಳನ್ನು ಸ್ಪಷ್ಟವಾಗಿ ಹೊರಗಿಡಿ. ಏನಾದರೂ ಹೊಣೆ ಒಪ್ಪಲೇಬೇಕಾದರೆ ಅದಕ್ಕೆ ಮೊತ್ತದ ಮಿತಿ, ಕಾಲದ ಮಿತಿ ಎರಡೂ ಇರಲಿ.

ಮಾರಾಟಕ್ಕೆ ಮೊದಲು ನೀವು ತೆಗೆಸಿಕೊಡಬೇಕಾದ ಭಾಗ ಇದ್ದರೆ ಅದನ್ನು ದಿನಾಂಕ ಸಹಿತ ಬರೆಯಿರಿ. ಸ್ವಲ್ಪ ಹಣ ಆ ಕೆಲಸ ಮುಗಿಯುವವರೆಗೆ ತಡೆಹಿಡಿಯಲು ಒಪ್ಪುವುದು ಎರಡೂ ಕಡೆಗೆ ಅನುಕೂಲ. ಕರಾರು ಮತ್ತು ನೋಂದಣಿಯ ನಡುವೆ ನೋಟಿಸ್ ಬಂದರೆ ಯಾರು ಉತ್ತರಿಸಬೇಕು, ಖರೀದಿದಾರರು ಹಿಂದೆ ಸರಿದರೆ ಮುಂಗಡ ಎಷ್ಟು ದಿನದಲ್ಲಿ ವಾಪಸು, ಇವೂ ಇರಬೇಕು. 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

ದಾಖಲೆ ಸರಿಯಿಲ್ಲದ ಮನೆಗೆ "ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಕೊಡಿ ಸಾಕು" ಎನ್ನುವವರು ಸಿಗುತ್ತಾರೆ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ತೀರ್ಪಿತ್ತಿದೆ. ಹಾಗೆ ಮಾರಿದರೆ ಹಣ ನಿಮಗೆ ಬಂದಿರುತ್ತದೆ, ಮಾಲೀಕರೂ ನೀವೇ ಆಗಿರುತ್ತೀರಿ, ಪಾಲಿಕೆಯ ನೋಟಿಸೂ ನಿಮ್ಮ ಹೆಸರಿಗೇ ಬರುತ್ತದೆ.

ಹಂತ 10: ನೋಂದಣಿ ಮತ್ತು ಆಮೇಲೆ

2024ರ ಅಕ್ಟೋಬರಿನಿಂದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಅಲ್ಲಿನ ಡಿಜಿಟಲ್ ದಾಖಲೆಯಾದ ಇ-ಸ್ವತ್ತಿನ ನಮೂನೆಗಳು. ಇದಕ್ಕೆ ಸಮಯ ಹಿಡಿಯುವುದರಿಂದ ಖರೀದಿದಾರರು ಸಿಗುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಮನೆಯ ಮೇಲೆ ನಿಮ್ಮದೇ ಸಾಲವಿದ್ದರೆ ಅದನ್ನು ತೀರಿಸಿ ಋಣಭಾರ ಪ್ರಮಾಣಪತ್ರದಲ್ಲಿ ಅಡಮಾನ ಬಿಡುಗಡೆ ಕಾಣಿಸಿಕೊಳ್ಳುವಂತೆ ನೋಡಿಕೊಳ್ಳಿ.

ಕ್ರಯಪತ್ರದ ಷೆಡ್ಯೂಲಿನಲ್ಲಿ ಚೆಕ್ಕುಬಂದಿಯ ಜೊತೆಗೆ ಕಟ್ಟಡವನ್ನು ಸ್ಥಳದಲ್ಲಿ ಇರುವಂತೆಯೇ ಬರೆಸಿ. ನಕ್ಷೆಯಲ್ಲಿಲ್ಲದ ಮಹಡಿಯನ್ನು ಷೆಡ್ಯೂಲಿನಿಂದಲೂ ಬಿಟ್ಟುಬಿಟ್ಟರೆ ಮುದ್ರಾಂಕ ಶುಲ್ಕ ತಪ್ಪಿಸಿದ ಆರೋಪವೂ ಸೇರಿಕೊಳ್ಳುತ್ತದೆ. ಹಂತ 7ರ ಪುಟದ ಸಾರಾಂಶ ಕ್ರಯಪತ್ರದಲ್ಲಿಯೂ ಬರಬೇಕು. ಕರಾರಿನಲ್ಲಿದ್ದು ಕ್ರಯಪತ್ರದಲ್ಲಿ ಬಿಟ್ಟುಹೋದರೆ ಮುಂದೆ ಅದೇ ತಕರಾರಿಗೆ ಎಡೆಯಾಗುತ್ತದೆ. ಉಪನೋಂದಣಾಧಿಕಾರಿ ಕ್ರಯಪತ್ರ ನೋಂದಾಯಿಸಿದರು ಎಂದ ಮಾತ್ರಕ್ಕೆ ಕಟ್ಟಡ ಕ್ರಮಬದ್ಧವೆಂದು ಸರ್ಕಾರ ಒಪ್ಪಿದಂತಲ್ಲ, ಇದನ್ನು ಖರೀದಿದಾರರಿಗೂ ಹೇಳಿ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಖರೀದಿದಾರರು ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತಗೊಳಿಸುವ ತೆರಿಗೆ) ಹಿಡಿದು ಕಟ್ಟಬೇಕು. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ನೀವು ಅನಿವಾಸಿಯಾಗಿದ್ದರೆ ಟಿಡಿಎಸ್ ನಿಯಮ ಬೇರೆ.

ಮೂಲ ದಾಖಲೆಗಳನ್ನು ಪಟ್ಟಿ ಮಾಡಿ, ಸ್ವೀಕೃತಿ ಸಹಿ ಪಡೆದು ಒಪ್ಪಿಸಿ. ನಕ್ಷೆ, ಅಳತೆ ನಕ್ಷೆ, ನೋಟಿಸ್ ಮತ್ತು ಉತ್ತರ ಇವು ಪಟ್ಟಿಯಲ್ಲಿ ಹೆಸರು ಸಹಿತ ಇರಲಿ. ಖಾತಾ, ವಿದ್ಯುತ್, ನೀರಿನ ಸಂಪರ್ಕ ಖರೀದಿದಾರರ ಹೆಸರಿಗೆ ಬದಲಾಗುವವರೆಗೆ ಬೆನ್ನು ಹತ್ತಿ, ಏಕೆಂದರೆ ಪಾಲಿಕೆಯ ದಾಖಲೆಯಲ್ಲಿ ಹೆಸರು ಯಾರದಿದೆಯೋ ಅವರಿಗೇ ನೋಟಿಸ್ ಹೊರಡುತ್ತದೆ. ಹಾಗೇನಾದರೂ ಹಳೆಯ ವಿಳಾಸಕ್ಕೆ ನಿಮ್ಮ ಹೆಸರಿನಲ್ಲಿ ಬಂದರೆ, ಕ್ರಯಪತ್ರದ ಪ್ರತಿ ಲಗತ್ತಿಸಿ ಸಂಬಂಧಪಟ್ಟ ಕಚೇರಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟು, ಅದರ ಪ್ರತಿಯನ್ನು ಖರೀದಿದಾರರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಸಹಿ ಮಾಡಿದ ದೋಷ ವಿವರಣೆಯ ಪುಟ, ನಕ್ಷೆಗಳ ಪ್ರತಿ ಮತ್ತು ದಾಖಲೆ ಒಪ್ಪಿಸಿದ ಸ್ವೀಕೃತಿಯನ್ನು ಸ್ಕ್ಯಾನ್ ಮಾಡಿಸಿ, ಮೂಲವನ್ನು ಮನೆಯ ಇತರ ಆಸ್ತಿಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಿ. ಅವು ಎಲ್ಲಿವೆ ಎಂಬುದು ನಿಮ್ಮ ವಾರಸುದಾರರಿಗೂ ಗೊತ್ತಿರಲಿ.